ಲೋಳೆಯ ಮೇಲೊಂದು ಬಿಡಾರ

ಮುಂಬಯಿಯಲ್ಲಿ ರೊಟ್ಲೊ ಸಿಕ್ಕೀತು, ಓಟ್ಲೊ ಸಿಗದು ಎಂಬುದು ನಮ್ಮ ಗುಜರಾತಿ ನೆರೆಯವರ ಹಳೆಯ ಮಾತು. ಓಟ್ಲೊ ಎಂದರೆ ಜಗಲಿ. ಈ ನಗರದಲ್ಲಿ ಹೊಟ್ಟೆಗೆ ಹಿಟ್ಟು ಹೇಗಾದರೂ ದೊರೆಯುತ್ತದೆ. ಬೆನ್ನು ಚಾಚುವುದಕ್ಕೊಂದು ಜಗಲಿ ದೊರೆಯುವುದು ಮಾತ್ರ ಪೂರ್ವಜನ್ಮದ ಸುಕೃತ. ಊರಿನಿಂದ ಬಂದ ನಮ್ಮ ಹಿರಿಯರಲ್ಲಿ ಅನೇಕರು ಮೊದಲು ಖಾನಾವಳಿಯಲ್ಲಿ ಉಂಡು, ಹೋಟೆಲಿನ ಮೇಜಿನ ಮೇಲೆ ಮಲಗಿ, ಆಮೇಲೆ ಯಾರದೋ ಪರಿಚಯದ ಎಳೆ ಹಿಡಿದು ಚಾಳಿನಲ್ಲೊಂದು ಖೋಲಿ ಸಂಪಾದಿಸಿದವರು. ಎಳೆ ಸಿಕ್ಕದವರು ಊರಿಗೆ ಮರಳಿದರು. ನಾನು ಇಲ್ಲಿ ಹೇಳಹೊರಟಿರುವ ಜೀವಿಗಳ ಪಾಡೂ ಹೆಚ್ಚು ಕಡಿಮೆ ಇದೇ. ಅವುಗಳಿಗೆ ಅನ್ನದ ಕೊರತೆಯಿಲ್ಲ, ಜಾಗದ್ದೇ ಚಿಂತೆ. ಅವು ಬಿಡಾರ ಹೂಡಬಯಸುವ ನಗರವಾದರೋ ನಿಮ್ಮ ನನ್ನ ಶರೀರ.

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಪ್ರತಿವರ್ಷವೂ ಕೆನ್ನೆಯ ಜೀವಕೋಶಗಳನ್ನು ತೋರಿಸುವ ಪಾಠವೊಂದುಂಟು. ಬಾಯಿ ಮುಕ್ಕಳಿಸಿ, ಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಮೈಯನ್ನು ಮೆಲ್ಲಗೆ ಕೆರೆದು, ಬಂದುದನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಮೆಥಿಲೀನ್ ಬ್ಲೂ ಎಂಬ ಬಣ್ಣದ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದ ಕೆಳಗಿಡಬೇಕು. ಹಪ್ಪಳದಂತೆ ಚಪ್ಪಟೆಯಾದ ಕೋಶಗಳೂ ಅವುಗಳ ನಡುವೆ ಕಡುನೀಲಿಯ ಕೇಂದ್ರಗಳೂ ಕಾಣಿಸುತ್ತವೆ. ಹೋದ ವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಗಾಜು ಸರಿಯಾಗಿ ತೊಳೆದಿಲ್ಲ, ಕೋಶದ ಮೇಲೆಲ್ಲ ಧೂಳು ಕೂತಿದೆ" ಎಂದು ದೂರಿದಳು. ನಾನೂ ಬಾಗಿ ನೋಡಿದೆ. ಧೂಳಾಗಿದ್ದರೆ ಗಾಜಿನ ತುಂಬ ಸಮನಾಗಿ ಬಿದ್ದಿರಬೇಕಷ್ಟೆ. ಈ ಚುಕ್ಕಿಗಳು ಹಾಗಿರಲಿಲ್ಲ. ಸಕ್ಕರೆಯ ಹರಳಿಗೆ ಇರುವೆ ಮುತ್ತಿದಂತೆ ಕೋಶಗಳ ಮೈಯನ್ನೇ ಹುಡುಕಿ ಮುತ್ತಿದ್ದವು. ಅವು ಬ್ಯಾಕ್ಟೀರಿಯಗಳು ಎಂದೆ. ಅವಳು ಒಂದು ಕ್ಷಣ ಬಾಯಿ ಮುಚ್ಚಿಕೊಂಡಳು, ಮರುಕ್ಷಣವೇ, "ಅಷ್ಟು ಮುಕ್ಕಳಿಸಿದೆನಲ್ಲ ಸರ್, ಹೇಗೆ ಉಳಿದವು?" ಎಂದು ಕೇಳಿದಳು.

ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ತಕ್ಕ ಉತ್ತರ ಕೊಡಲು ವಿದ್ವಾಂಸರಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧವೆಲ್ಲ ಬೇಕಾಯಿತು.

ನಮ್ಮ ಹೊರಮೈಯನ್ನು ಚರ್ಮ ಕಾಯುತ್ತದೆ. ಅದು ಒಣಗಿದ, ಗಟ್ಟಿಯಾದ ಗೋಡೆ. ಆದರೆ ಬಾಯಿ, ಮೂಗು, ಶ್ವಾಸನಾಳ, ಜಠರ, ಕರುಳು, ಮೂತ್ರಮಾರ್ಗ ಇವೆಲ್ಲ ಹೊರಜಗತ್ತಿಗೆ ತೆರೆದುಕೊಂಡ ಓಣಿಗಳೇ ಆಗಿದ್ದರೂ ಇಲ್ಲಿ ಗಟ್ಟಿ ಗೋಡೆ ಕಟ್ಟುವಂತಿಲ್ಲ. ಗಾಳಿ ಒಳಗೆ ಇಳಿಯಬೇಕು, ಅನ್ನದ ಸಾರ ರಕ್ತಕ್ಕೆ ಸೇರಬೇಕು. ಆದುದರಿಂದ ಇಲ್ಲಿರುವುದು ತೆಳುವಾದ, ತೇವವಾದ ಲೋಳೆಪೊರೆ. ಅನ್ನನಾಳದ ಈ ಪೊರೆಯನ್ನು ಮಡಿಕೆ ಬಿಡಿಸಿ ಹಾಸಿದರೆ ಒಂದು ಟೆನಿಸ್ ಅಂಗಣವನ್ನೇ ಮುಚ್ಚೀತೆಂದು ಹಳೆಯ ಪುಸ್ತಕಗಳು ಬರೆಯುತ್ತಿದ್ದವು. ೨೦೧೪ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಹೊಸದಾಗಿ ಅಳೆದು, ಬಾಯಿಯಿಂದ ಕೊನೆಯವರೆಗೆ ಎಲ್ಲ ಸೇರಿ ಸುಮಾರು ೩೨ ಚದರ ಮೀಟರು ಎಂದು ಲೆಕ್ಕ ಕೊಟ್ಟರು. ಟೆನಿಸ್ ಅಂಗಣ ಹೋಯಿತು. ೧೬೦ ಚದರಡಿಯ ಚಾಳಿನ ಖೋಲಿಗಳು ಎರಡು ಉಳಿದವು. ಆದರೂ ಒಬ್ಬನ ಹೊಟ್ಟೆಯಲ್ಲಿ ಎರಡು ಖೋಲಿಗಳ ನೆಲ ಅಡಗಿದೆಯೆಂದರೆ ಅದೇನು ಕಡಮೆಯೆ?

ಈ ನೆಲದ ಕಾವಲು ವಿಚಿತ್ರವಾದುದು. ಇಲ್ಲಿ ಬಾಗಿಲಿಗೆ ಅಗಳಿಯಿಲ್ಲ. ಬಂದವರು ನಿಲ್ಲದಂತೆ ನೆಲವೇ ಸದಾ ಜಾರುತ್ತಿರುತ್ತದೆ. ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿಗೂ ಮೀರಿ ಜೊಲ್ಲು ಹರಿದು ಎಲ್ಲವನ್ನೂ ಗಂಟಲಿಗೆ ಕೊಚ್ಚಿಕೊಂಡು ಹೋಗುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಕಿರುಗೂದಲುಗಳು ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಬೀಸುತ್ತ ಲೋಳೆಯನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಕರುಳು ಹಿಸುಕಿ ಹಿಸುಕಿ ಮುಂದಕ್ಕೆ ನೂಕುತ್ತದೆ. ಇಷ್ಟೂ ಸಾಲದೆಂಬಂತೆ ಕರುಳಿನ ಮೇಲ್ಪದರದ ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ, ಅಂಟಿಕೊಂಡವರನ್ನೂ ಜೊತೆಗೇ ಹೊತ್ತುಕೊಂಡು ಹೋಗುತ್ತವೆ. ಬಾಡಿಗೆದಾರನನ್ನು ಎಬ್ಬಿಸಲಾರದೆ ಗೋಡೆಯನ್ನೇ ಕೆಡವಿದ ಮಾಲಿಕನಂತೆ! ಲೋಳೆಯೂ ಬರಿಯ ಅಂಟುನೀರಲ್ಲ. ಮ್ಯೂಸಿನ್ ಎಂಬ ಪ್ರೋಟೀನಿನ ಉದ್ದನೆಯ ಎಳೆಗಳಿಗೆ ಸಕ್ಕರೆಯ ಸರಗಳು ದಟ್ಟವಾಗಿ ನೇತುಬಿದ್ದು ಹೆಣೆದ ಬಲೆ ಅದು. ನೆಗಡಿಯಾದಾಗ ನಾವು ಅಸಹ್ಯಪಡುವ ಆ ವಸ್ತುವಿಗೆ ನಿಜವಾಗಿ ಕೈಮುಗಿಯಬೇಕು.

ಸಂಜೆಯ ಲೋಕಲ್ ಗಾಡಿಯನ್ನು ನೆನೆಯಿರಿ. ಬಾಗಿಲಿನಲ್ಲಿ ಒಂದು ಕಾಲಿಟ್ಟವನಿಗೆ ಹಿಡಿಯಲು ಕಂಬ ಸಿಕ್ಕರೆ ಅವನು ಕಲ್ಯಾಣದವರೆಗೂ ಹೋದಾನು. ಸಿಕ್ಕದಿದ್ದರೆ ಮುಂದಿನ ನಿಲ್ದಾಣದ ಜನಪ್ರವಾಹವೇ ಅವನನ್ನು ಹೊರಗೆ ಎಸೆಯುತ್ತದೆ. ಬ್ಯಾಕ್ಟೀರಿಯದ ಅಳಿವು ಉಳಿವು ಎರಡೂ ಆ ಹಿಡಿತದಲ್ಲಿವೆ. ಅದಕ್ಕೊಂದು ವಿಶೇಷ ತೊಡಕೂ ಉಂಟು. ಬ್ಯಾಕ್ಟೀರಿಯದ ಮೈಮೇಲೂ ನಮ್ಮ ಕೋಶದ ಮೈಮೇಲೂ ಸಾಮಾನ್ಯವಾಗಿ ಋಣ ವಿದ್ಯುತ್ತಿನ ಅಂಶವೇ ಇರುವುದರಿಂದ ಇವೆರಡೂ ಹತ್ತಿರ ಬಂದಂತೆ ಒಂದನ್ನೊಂದು ದೂಡುತ್ತವೆ. ಮೈಗೆ ಮೈ ತಾಗಿಸಲಾಗದವನು ದೂರದಿಂದಲೇ ಕೈ ಚಾಚಬೇಕು.

ಆ ಕೈಗಳು ಕಾಣಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯದ ಮೈಸುತ್ತಲೂ ನೂರಾರು ನವುರಾದ ಎಳೆಗಳಿರುವುದನ್ನು ಕಂಡು, ೧೯೫೫ರಲ್ಲಿ ಡ್ಯೂಗಿಡ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ಅವುಗಳಿಗೆ ಫಿಂಬ್ರಿಯ ಎಂದು ಹೆಸರಿಟ್ಟರು. ಲ್ಯಾಟಿನಿನಲ್ಲಿ ಅದರ ಅರ್ಥ ಅಂಚಿನ ಕುಚ್ಚು. ನಮ್ಮ ತಾಯಂದಿರ ಸೀರೆಯ ಸೆರಗಿಗೆ ಕಟ್ಟುವ ಕುಚ್ಚಿನ ಚಿತ್ರವನ್ನು ಮನಸ್ಸಿಗೆ ತಂದುಕೊಂಡರೆ ಹೆಸರು ಮರೆಯದು. ಒಂದೊಂದು ಎಳೆಯ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ.

ಎಳೆಯ ತುದಿಯಲ್ಲಿ ಇರುವುದೇ ರಹಸ್ಯ. ಕೊಲೈಯ ಒಂದು ಬಗೆಯ ಕುಚ್ಚಿನ ತುದಿಗೆ ಫಿಮ್-ಎಚ್ ಎಂಬ ಪುಟ್ಟ ಪ್ರೋಟೀನು ಕುಳಿತಿರುತ್ತದೆ. ಅದರಲ್ಲೊಂದು ಗುಳಿ. ಆ ಗುಳಿಗೆ ಮ್ಯಾನೋಸ್ ಎಂಬ ಸಕ್ಕರೆ ಬೀಗಕ್ಕೆ ಕೀಲಿಕೈ ಕೂಡುವಂತೆ ಕೂಡುತ್ತದೆ. ನಮ್ಮ ಮೂತ್ರಕೋಶದ ಒಳಗೋಡೆಯ ಕೋಶಗಳ ಮೈಮೇಲೆ ಈ ಸಕ್ಕರೆ ಇರುವುದರಿಂದ ದಾರಿತಪ್ಪಿ ಅಲ್ಲಿಗೆ ಬಂದ ಕೊಲೈಗೆ ಕಂಬ ಸಿಕ್ಕಂತಾಯಿತು. ೨೦೦೨ರಲ್ಲಿ ಅಮೆರಿಕದ ಸಂಶೋಧಕರು ಇದರಲ್ಲಿ ಇನ್ನೊಂದು ಸೋಜಿಗವನ್ನು ಕಂಡರು. ನೀರಿನ ಹರಿವು ಜೋರಾದರೆ ಹಿಡಿತ ಸಡಿಲಬೇಕೆಂದು ನಾವು ಎಣಿಸುತ್ತೇವೆ. ಇಲ್ಲಿ ನಡೆಯುವುದು ತಿರುಗುಮುರುಗು. ಬಾವಿಗೆ ಇಳಿಬಿಡುವ ಕೊಡದ ಕಂಠಕ್ಕೆ ಹಾಕಿದ ಜೀರುಕುಣಿಕೆಯಂತೆ, ಎಳೆತ ಹೆಚ್ಚಿದಷ್ಟೂ ಆ ಗುಳಿ ಬಿಗಿಯುತ್ತದೆ. ಹರಿವು ತಗ್ಗಿದಾಗ ಸಡಿಲಿ, ಬ್ಯಾಕ್ಟೀರಿಯ ನಿಧಾನವಾಗಿ ಉರುಳುತ್ತ ಹೊಸ ಜಾಗಕ್ಕೆ ಸಾಗುತ್ತದೆ. ನಾನು ಓದಿದ ವಿಜ್ಞಾನದಲ್ಲಿ ಇಷ್ಟು ಚೆಲುವಾದ ಯಂತ್ರ ಮತ್ತೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಶರೀರವೂ ಸುಮ್ಮನಿಲ್ಲ. ಮೂತ್ರದಲ್ಲಿ ಅದೇ ಮ್ಯಾನೋಸ್ ಹೊತ್ತ ಪ್ರೋಟೀನೊಂದನ್ನು ತೇಲಿಬಿಡುತ್ತದೆ. ಕೊಲೈ ಗೋಡೆಯೆಂದು ಭ್ರಮಿಸಿ ಅದನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಆ ಪ್ರೋಟೀನನ್ನು ಟ್ಯಾಮ್ ಮತ್ತು ಹಾರ್ಸ್‌ಫಾಲ್ ಎಂಬವರು ೧೯೫೦ರಲ್ಲಿಯೇ ಬೇರ್ಪಡಿಸಿದ್ದರು.

ಕಂಬ ಬೇರೆ, ಹಿಡಿಯುವ ಕೈ ಬೇರೆ ಆದುದರಿಂದ ಪ್ರತಿಯೊಂದು ಜಾತಿಗೂ ತನ್ನದೇ ಓಣಿ. ಇದನ್ನು ೧೯೭೧ರಲ್ಲಿ ಗಿಬ್ಬನ್ಸ್ ಮತ್ತು ವಾನ್ ಹೌಟೆ ಎಂಬವರು ಬಾಯಿಯೊಳಗೇ ತೋರಿಸಿಕೊಟ್ಟರು. ನಾಲಗೆಯ ಮೇಲೆ ವಾಸಿಸುವ ಸ್ಟ್ರೆಪ್ಟೊಕಾಕಸ್ ನಾಲಗೆಯ ಕೋಶಗಳಿಗೇ ಚೆನ್ನಾಗಿ ಅಂಟುತ್ತದೆ, ಹಲ್ಲಿಗೆ ಅಲ್ಲ. ಹಲ್ಲಿನ ಮೇಲಿರುವ ಕೆಲವು ಜಾತಿಗಳಾದರೋ ಹಲ್ಲು ಮೂಡುವ ಮೊದಲು ಕೂಸಿನ ಬಾಯಲ್ಲಿ ನೆಲೆಸಲಾರವು. ಹಲ್ಲೆಲ್ಲ ಉದುರಿದ ಮುದುಕರಲ್ಲಿ ಮತ್ತೆ ಮಾಯವಾಗುತ್ತವೆ. ಹಲ್ಲಿನ ಮಾತು ಬಂದುದರಿಂದ ಹಾಲೆಂಡಿನ ಲೇವನ್‌ಹುಕ್‌ನನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ೧೬೮೩ರಲ್ಲಿ ಅವನು ತನ್ನ ಹಲ್ಲಿನ ಸಂದಿಯ ಬಿಳಿಯ ಕೊಳೆಯನ್ನು ತಾನೇ ಮಾಡಿದ ಮಸೂರದ ಕೆಳಗಿಟ್ಟು, ಅದರಲ್ಲಿ ಓಡಾಡುವ ಕಿರುಪ್ರಾಣಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ದಿನವೂ ಬೆಳಗ್ಗೆ ಉಪ್ಪಿನಿಂದ ಹಲ್ಲುಜ್ಜುವುದು ತನ್ನ ವಾಡಿಕೆಯೆಂದು ಅದೇ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಉಪ್ಪಿನಿಂದ ಉಜ್ಜಿದರೂ ಅವು ಹೋಗಿರಲಿಲ್ಲ!

ಇಷ್ಟು ಓದಿದ ಮೇಲೆ ಎಲ್ಲ ಬ್ಯಾಕ್ಟೀರಿಯಗಳನ್ನೂ ಹೊರದೂಡಬೇಕೆಂಬ ಹಟ ನಿಮಗೆ ಹುಟ್ಟಬಾರದು. ನಮ್ಮ ಮೈಯಲ್ಲಿ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ ಎಂದು ೨೦೧೬ರ ಒಂದು ಲೆಕ್ಕ. ನಮ್ಮ ಸ್ವಂತ ಜೀವಕೋಶಗಳು ೩೦ ಲಕ್ಷ ಕೋಟಿ. ಬಹುಪಾಲು ದೊಡ್ಡ ಕರುಳಿನಲ್ಲಿಯೇ ಇದ್ದು, ನಾವು ಅರಗಿಸಲಾರದ ನಾರನ್ನು ಅರಗಿಸಿ ಕೊಡುತ್ತವೆ. ಆದರೆ ಅವುಗಳನ್ನು ಜಗಲಿಯ ಮೇಲೆ ಕೂರಿಸಬಹುದೇ ಹೊರತು ನಡುಮನೆಗೆ ಬಿಡುವಂತಿಲ್ಲ. ದೊಡ್ಡ ಕರುಳಿನ ಲೋಳೆಯಲ್ಲಿ ಎರಡು ಪದರಗಳಿವೆಯೆಂದೂ, ಹೊರಗಿನ ಸಡಿಲ ಪದರದಲ್ಲಿ ಅವು ಕಿಕ್ಕಿರಿದಿದ್ದರೂ ಒಳಗಿನ ದಟ್ಟ ಪದರ ಬಹುಮಟ್ಟಿಗೆ ನಿರ್ಜನವೆಂದೂ ೨೦೦೮ರಲ್ಲಿ ಇಲಿಗಳಲ್ಲಿ ಕಂಡುಬಂತು. ಈ ಹಳೆಯ ಒಕ್ಕಲುಗಳು ಜಾಗ ಹಿಡಿದಿರುವುದರಿಂದಲೇ ಹೊಸ ಪುಂಡರಿಗೆ ಇಲ್ಲಿ ನೆಲೆ ಸಿಕ್ಕುವುದು ಕಷ್ಟ. ತಾಯಿಯ ಹಾಲಿನಲ್ಲಿ ಕೂಸು ಅರಗಿಸಲಾರದ ಕೆಲವು ಸಕ್ಕರೆಗಳಿವೆ. ಅರಗದುದನ್ನು ತಾಯಿ ಏಕೆ ಕೊಟ್ಟಾಳು? ಒಂದು ಪಾಲು ಕೂಸಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳಿಗೆ ಊಟ. ಮತ್ತೊಂದು ಪಾಲು, ಕರುಳಿನ ಕೋಶಗಳ ಸಕ್ಕರೆಯನ್ನೇ ಹೋಲುತ್ತ, ಕೆಟ್ಟವುಗಳ ಕೈಗೆ ಸುಳ್ಳು ಕಂಬವಾಗುತ್ತದೆ.

ಇನ್ನು ಕಾಲರಾದ ಮಾತು. ಇದನ್ನು ಬರೆಯುವಾಗ ನನಗೆ ನಮ್ಮ ಅಜ್ಜಿಯನ್ನು ಬಿಟ್ಟು ಬರೆಯಲಾಗದು.

ಅಜ್ಜಿಯ ತವರು ವಿಜಾಪುರದ ಕಡೆಯ ಒಂದು ಹಳ್ಳಿ. ಸ್ವಾತಂತ್ರ್ಯ ಬರುವುದಕ್ಕೆ ನಾಲ್ಕೈದು ವರ್ಷ ಮೊದಲು ಆ ಊರಿಗೆ ವಾಂತಿಭೇದಿ ಬಂತು. ಅಜ್ಜಿಗೆ ಆಗ ಒಂಬತ್ತು ವರ್ಷ, ಅವಳ ಅಣ್ಣನಿಗೆ ಹದಿಮೂರು. ಹೊಳೆಯಿಂದ ನೀರು ತರುವ ಕೆಲಸ ಅವಳದು. ಬಿಸಿಲಲ್ಲಿ ದನ ಕಾದು ಬಂದ ಅಣ್ಣನಿಗೆ ಆ ಕೊಡದಿಂದ ಒಂದು ತಂಬಿಗೆ ಬಗ್ಗಿಸಿ ಕೊಟ್ಟಳು, ತಾನೂ ಕುಡಿದಳು. ಮರುದಿನ ರಾತ್ರಿ ಅಣ್ಣನಿಗೆ ಭೇದಿ ಹತ್ತಿತು. ಬೆಳಗಾಗುವುದರೊಳಗೆ ಕಣ್ಣು ಒಳಸೇರಿ, ದನಿ ಅಡಗಿ, ಸೂರ್ಯ ನೆತ್ತಿಗೆ ಬರುವ ಮೊದಲೇ ತೀರಿಕೊಂಡನು. ಅಜ್ಜಿಗೆ ಏನೂ ಆಗಲಿಲ್ಲ. "ಒಂದ ಕೊಡದ ನೀರು ಇಬ್ಬರೂ ಕುಡದೇವಿ. ಅಂವ ಹೋದ, ನಾ ಉಳದೆ. ಯಾಕ, ತಮ್ಮಾ?" ಎಂದು ನಾನು ವಿಜ್ಞಾನ ಓದತೊಡಗಿದ ಮೇಲೆ ಅವಳು ನನ್ನನ್ನು ಎಷ್ಟೋ ಸಲ ಕೇಳಿದ್ದುಂಟು.

ಕಾಲರಾದ ಬ್ಯಾಕ್ಟೀರಿಯವನ್ನು ರಾಬರ್ಟ್ ಕಾಕ್ ೧೮೮೪ರಲ್ಲಿ ಕಲ್ಕತ್ತೆಯಲ್ಲಿ ಬೇರ್ಪಡಿಸಿ ಬೆಳೆಸಿದನು. ಅಲ್ಪವಿರಾಮದಂತೆ ಬಾಗಿದ, ಚುರುಕಾಗಿ ಈಜುವ ಜೀವಿ. ಅದರ ವಿರುದ್ಧ ಲಸಿಕೆ ಹಾಕಲು ಹಾಫ್ಕಿನ್ ೧೮೯೩ರಲ್ಲಿ ಭಾರತಕ್ಕೆ ಬಂದನು. ಪರೇಲಿನಲ್ಲಿ ನೀವು ನೋಡುವ ಸಂಸ್ಥೆಗೆ ಹೆಸರು ಕೊಟ್ಟವನು ಅವನೇ. ಆದರೆ ಈ ಜೀವಿ ಹೇಗೆ ಕೊಲ್ಲುತ್ತದೆ ಎಂಬುದು ಎಪ್ಪತ್ತೈದು ವರ್ಷ ಮರೆಯಾಗಿತ್ತು. ಕಲ್ಕತ್ತೆಯ ಶಂಭುನಾಥ ಡೇ ಎಂಬ ವೈದ್ಯರು ಮೊಲದ ಕರುಳಿನ ತುಂಡನ್ನು ಎರಡು ಕಡೆ ಕಟ್ಟಿ, ಬ್ಯಾಕ್ಟೀರಿಯಗಳನ್ನು ಸೋಸಿ ತೆಗೆದ ದ್ರವವನ್ನಷ್ಟೇ ಅದರೊಳಗೆ ಹಾಕಿದರು. ಕರುಳು ನೀರಿನಿಂದ ಉಬ್ಬಿತು. ಕೊಲ್ಲುವುದು ಅದು ಉಗುಳುವ ವಿಷವೆಂದು ೧೯೫೯ರಲ್ಲಿ ಅವರು ಪ್ರಕಟಿಸಿದರು. ಕಾಲರಾದ ಜೀವಿ ಕೋಶದ ಒಳಗೆ ನುಗ್ಗುವುದೇ ಇಲ್ಲ. ಕರುಳಿನ ಮೇಲೆ ಅಂಟಿ ಕುಳಿತು ವಿಷ ಬಿಡುತ್ತದೆ; ಕೋಶಗಳು ಮೈಯ ನೀರನ್ನೆಲ್ಲ ಕರುಳಿಗೆ ಸುರಿಯುತ್ತವೆ. ಅತ್ಯಂತ ಕಠಿಣವಾದಾಗ ಗಂಟೆಗೆ ಒಂದು ಲೀಟರಿನಷ್ಟು.

ಅಂಟದಿದ್ದರೆ? ೧೯೮೭ರಲ್ಲಿ ಈ ಜೀವಿಗೂ ಒಂದು ಬಗೆಯ ಕುಚ್ಚು ಇರುವುದೂ, ವಿಷದೊಂದಿಗೇ ಅದೂ ಹೊರಡುವುದೂ ತಿಳಿಯಿತು. ಆ ಎಳೆಗಳು ಒಂದನ್ನೊಂದು ಹೆಣೆದುಕೊಂಡು ಬ್ಯಾಕ್ಟೀರಿಯಗಳು ಕರುಳಿನ ಮೇಲೆ ಗುಂಪು ಕಟ್ಟುತ್ತವೆ. ಮರುವರ್ಷ ಅಮೆರಿಕದಲ್ಲಿ ತಾವಾಗಿ ಮುಂದೆ ಬಂದ ಕೆಲವರಿಗೆ ಕುಚ್ಚನ್ನು ಕಳೆದುಕೊಂಡ ಜೀವಿಗಳನ್ನು ಕುಡಿಸಿ ನೋಡಿದರು. ಅವು ಕರುಳಿನಲ್ಲಿ ನೆಲೆಯೂರಲೇ ಇಲ್ಲ. ನೀರಿನಲ್ಲಿದ್ದಾಗ ಈ ಜೀವಿ ಸೀಗಡಿಯ ಬಂಧುಗಳಾದ ಸಣ್ಣ ಪ್ರಾಣಿಗಳ ಚಿಪ್ಪಿನ ಮೇಲೆ ವಾಸಿಸುತ್ತದೆ. ಚಿಪ್ಪಿನಲ್ಲಿರುವ ಒಂದು ಸಕ್ಕರೆಯ ಅಂಶ ನಮ್ಮ ಲೋಳೆಯಲ್ಲಿಯೂ ಇದೆ. ಎರಡನ್ನೂ ಒಂದೇ ಪ್ರೋಟೀನಿನಿಂದ ಅದು ಹಿಡಿಯುತ್ತದೆಂದು ೨೦೦೫ರಲ್ಲಿ ಗೊತ್ತಾಯಿತು. ಹೊಳೆಯಲ್ಲಿ ಕಲಿತ ವಿದ್ಯೆ ಹೊಟ್ಟೆಯಲ್ಲಿ ಉಪಯೋಗಕ್ಕೆ ಬಂತು! ಚಿಪ್ಪಿಗೆ ಅಂಟಿದ ಬ್ಯಾಕ್ಟೀರಿಯ ಬಟ್ಟೆಗೆ ಸಿಕ್ಕಿಬೀಳುತ್ತದೆ, ಒಂಟಿಯಾದರೆ ನುಸುಳಿಹೋಗುತ್ತದೆ. ರೀಟಾ ಕಾಲ್ವೆಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆಯಾಗಿಸಿ ನೀರು ಸೋಸುವುದನ್ನು ರೂಢಿಗೆ ತಂದಾಗ ಕಾಲರಾ ೪೮ ಪ್ರತಿಶತ ತಗ್ಗಿತೆಂದು ೨೦೦೩ರಲ್ಲಿ ವರದಿ ಮಾಡಿದರು.

ಅಜ್ಜಿಯ ಅಣ್ಣ ಇಂದು ಹುಟ್ಟಿದ್ದರೆ ಬಹುಶಃ ಸಾಯುತ್ತಿರಲಿಲ್ಲ. ಕರುಳು ನೀರು ಸುರಿಸುತ್ತಿದ್ದಾಗಲೂ ಉಪ್ಪು ಸಕ್ಕರೆ ಬೆರೆತ ನೀರನ್ನು ಹೀರಬಲ್ಲುದು. ೧೯೭೧ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ ಮಹಾಲನಬೀಸರು ಅದನ್ನೇ ಡ್ರಮ್ಮುಗಳಲ್ಲಿ ಕಲಸಿಟ್ಟು ಕುಡಿಸಿ, ೩೦ ಪ್ರತಿಶತದಷ್ಟಿದ್ದ ಸಾವನ್ನು ೪ ಪ್ರತಿಶತಕ್ಕೂ ಕೆಳಗೆ ಇಳಿಸಿದರು. ಆದರೆ ಅಜ್ಜಿಯ ಪ್ರಶ್ನೆ ಅದಲ್ಲ.

ಅವಳ ಪ್ರಶ್ನೆಗೆ ಹತ್ತಿರದ ಉತ್ತರ ನನಗೆ ಸಿಕ್ಕಿದ್ದು ಹಂದಿಮರಿಗಳಲ್ಲಿ. ಹಾಲು ಕುಡಿಯುವ ಹಂದಿಮರಿಗಳಿಗೆ ಭೇದಿ ತರುವ ಕೊಲೈಯೊಂದಿದೆ. ಅದರ ಕುಚ್ಚನ್ನು ತೆಗೆದುಬಿಟ್ಟರೆ ರೋಗ ಬಾರದೆಂದು ಇಂಗ್ಲೆಂಡಿನಲ್ಲಿ ೧೯೭೨ರಲ್ಲಿ ಜೋನ್ಸ್ ಮತ್ತು ರಟರ್ ತೋರಿಸಿದರು. ಮೂರು ವರ್ಷಗಳ ತರುವಾಯ ಅದೇ ತಂಡದವರು, ಕೆಲವು ಮರಿಗಳ ಕರುಳಿನಲ್ಲಿ ಆ ಕುಚ್ಚು ಹಿಡಿಯುವ ಕಂಬವೇ ಹುಟ್ಟಿನಿಂದ ಇರುವುದಿಲ್ಲವೆಂದು ಕಂಡರು. ಒಂದೇ ಸೂಲಿನ ಮರಿಗಳಲ್ಲಿಯೂ ಒಂದಕ್ಕೆ ಇದ್ದೀತು, ಇನ್ನೊಂದಕ್ಕೆ ಇಲ್ಲದೆ ಹೋದೀತು. ಮನುಷ್ಯರ ಕಾಲರಾದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಓ ರಕ್ತವರ್ಗದವರಿಗೆ ರೋಗ ಹೆಚ್ಚು ಉಗ್ರವಾಗಿ ಬರುತ್ತದೆ. ಜಠರದ ಆಮ್ಲ ಬಲವಾಗಿದ್ದವರಲ್ಲಿ ಬಹುಪಾಲು ಜೀವಿಗಳು ಅಲ್ಲಿಯೇ ಸಾಯುತ್ತವೆ. ಹಿಂದೊಮ್ಮೆ ಸೋಂಕು ತಾಗಿ ಉಳಿದವರ ಲೋಳೆಯಲ್ಲಿ ಪ್ರತಿವಿಷಗಳು ಕಾದಿರುತ್ತವೆ. ಒಂದೇ ಕೊಡದ ಎರಡು ತಂಬಿಗೆ ನೀರಿನಲ್ಲಿಯೂ ಜೀವಿಗಳ ಎಣಿಕೆ ಒಂದೇ ಇರಬೇಕೆಂದಿಲ್ಲ.

ಇದನ್ನೆಲ್ಲ ಅಜ್ಜಿಗೆ ಅವಳ ಕೊನೆಯ ವರ್ಷಗಳಲ್ಲಿ, ನಮ್ಮ ಖೋಲಿಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಾಗ, ಒಂದು ಮಧ್ಯಾಹ್ನ ಕುಳಿತು ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟು ಕೇಳಿದಳು. ಹಂದಿಯ ಕಥೆಗೆ ಮಾತ್ರ ನಕ್ಕಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಅಂದರ, ನೀರು ಕೊಟ್ಟಾಕಿದು ಏನೂ ತಪ್ಪಿರಲಿಲ್ಲ ಅಂತೀಯೇನು?" ಎಂದಳು.

"ನೀರಿನಲ್ಲಿ ಇತ್ತು, ಅಜ್ಜಿ. ಆದರೆ ನೀವೂ ಅದನ್ನೇ ಕುಡಿದಿರಲ್ಲ. ಅದು ಅವರಲ್ಲಿ ಅಂಟಿತು, ನಿಮ್ಮಲ್ಲಿ ಅಂಟಲಿಲ್ಲ" ಎಂದೆ.

"ಅಂಟಲಿಲ್ಲ" ಎಂದು ಅವಳು ಆ ಮಾತನ್ನು ಒಮ್ಮೆ ತಾನೂ ಆಡಿ ನೋಡಿದಳು. ಮತ್ತೆ ಮೊರ ಎತ್ತಿಕೊಂಡಳು. ಅಣ್ಣನ ವಿಷಯವನ್ನು ಆಮೇಲೆ ನನ್ನೊಡನೆ ಕೇಳಲಿಲ್ಲ. ಮುನಿಸಿಪಾಲಿಟಿಯ ನಲ್ಲಿಯ ಬಾಯಿಗೆ ಹಳೆಯ ಸೀರೆಯ ತುಂಡನ್ನು ಮಡಿಸಿ ಕಟ್ಟುವ ಪದ್ಧತಿಯನ್ನು ಮಾತ್ರ ಅವಳು ಕೊನೆಯವರೆಗೂ ಬಿಡಲಿಲ್ಲ. ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಹರವುತ್ತಿದ್ದಳು.